ಹಣದ ಮಿಷನ್ ಮುಂದೆ ಗಿಣಿ

ಅಂಗಡಿಯಿಂದ,
ಸೋಮವಾರ ಮಧ್ಯಾಹ್ನ

ಪ್ರೀತಿಯ ಗಿಣಿಗೆ,

ಮೊಣಕೈ ಹೇಗಿದೆ? ಊತ ಇಳಿಯಿತೆಂದು ಮಗಳು ಹೇಳಿದಳು. ಆದರೆ ನೋವಿನ ವಿಷಯದಲ್ಲಿ ನೀನು ಅವಳಿಗೂ ನಿಜ ಹೇಳುವವಳಲ್ಲ. ತೋಳು ಮೇಲೆತ್ತಲು ಬರುತ್ತದೆಯೋ ಇಲ್ಲವೋ ನೆಟ್ಟಗೆ ಬರೆ. ಮೊಮ್ಮಗಳು ನಿನ್ನ ಕನ್ನಡಕ ಮುರಿದಳಂತೆ. ಮುರಿಯಲಿ ಬಿಡು, ಅದಕ್ಕೂ ವಯಸ್ಸಾಗಿತ್ತು. ಫೋನ್ ಮಾಡಿದರೆ ನೀನು ಹೂಂ ಹೂಂ ಎಂದು ಮಗಳ ಕೈಗೆ ಕೊಟ್ಟುಬಿಡುತ್ತೀಯ, ಅದಕ್ಕೇ ಕಾಗದ ಬರೆಯುತ್ತಿದ್ದೇನೆ.

ನಾನು ಚೆನ್ನಾಗಿದ್ದೇನೆ. ಅಡುಗೆ ಒಂದು ದಿನ ಹಸಿ, ಒಂದು ದಿನ ಸೀದದ್ದು; ಹೊಟ್ಟೆಗೆ ಎರಡೂ ಒಗ್ಗಿವೆ. ಒಗ್ಗದೇ ಇರುವುದು ಅಂಗಡಿ. ಟೇಪು ಹಿಡಿದು "ಎದೆ ಮೂವತ್ತೆಂಟು" ಎಂದು ಕೂಗುತ್ತೇನೆ, ತಿರುಗಿ "ಮೂವತ್ತೆಂಟು" ಎನ್ನುವವರಿಲ್ಲ. ನಾನೇ ಅಳೆದು, ನಾನೇ ಬರೆದು, ಮೊನ್ನೆ ಅಂಚೆಯವನ ಪ್ಯಾಂಟಿಗೆ ಸೊಂಟದ ಅಳತೆ ಕಾಲಿಗೆ, ಕಾಲಿನದು ಸೊಂಟಕ್ಕೆ ಹಾಕಿ ಹೊಲಿದೆ. ಪಾಪ, ಅದರೊಳಗೆ ಇಬ್ಬರು ಹಿಡಿಸುತ್ತಿದ್ದರು. ನಕ್ಕನೇ ಹೊರತು ಬೈಯಲಿಲ್ಲ. "ಗಿಣಿಯಕ್ಕ ಯಾವಾಗ ಬರ್ತಾರೆ?" ಎಂದು ಕೇಳಿದ. ನಾನೇನು ಹೇಳಲಿ? "ಇನ್ನು ಆ ಬೀದಿಗೆ ಕಾಲಿಡಲ್ಲ" ಎಂದು ಹಟ ಹಿಡಿದು ಕೂತವಳು ನೀನು. ಅಂಗಡಿ ಮುಚ್ಚಿ ಇಬ್ಬರೂ ಇಲ್ಲೇ ಇರಿ ಎನ್ನುತ್ತಾಳೆ ಮಗಳು. ಅವಳು ಒಳ್ಳೆಯದಕ್ಕೇ ಹೇಳುವುದು, ಆದರೆ ಕತ್ತರಿ ಇಲ್ಲದೆ ನಾನು ಅಲ್ಲಿ ಏನು ಮಾಡಲಿ, ಅಳಿಯನ ಪೇಪರ್ ಓದುತ್ತ ಕೂರಲೇ?

"ತಪ್ಪೆಲ್ಲ ನಂದೇ, ನಂಬರ್ ಬಾಯಿಬಿಟ್ಟು ಹೇಳಿದ್ದು ನಾನೇ" ಎಂದು ಕೊರಗುತ್ತಿದ್ದೀಯಂತೆ. ಹೌದು, ನೀನೇ ಹೇಳಿದೆ. ಜೀವಮಾನವಿಡೀ ನಾನು ಅಳತೆ ಕೂಗುವುದು, ನೀನು ಅದನ್ನೇ ತಿರುಗಿ ಹೇಳುತ್ತ ಬರೆದುಕೊಳ್ಳುವುದು. ಗಿಣಿ ಎಂಬ ಹೆಸರು ಬಂದದ್ದೇ ಹಾಗೆ. ಅಂಕಿ ಕಂಡರೆ ನಿನ್ನ ನಾಲಿಗೆ ಸುಮ್ಮನಿರುತ್ತದೆಯೇ? ನಮ್ಮ ಬೀದಿಯ ಬ್ಯಾಂಕಿನ ಹಣದ ಮಿಷನ್ ಮುಂದೆಯೂ ಒಂದೊಂದೇ ಅಂಕಿ ಹೇಳಿಕೊಂಡು ಒತ್ತಿದೆ. ಹಿಂದೆ ನಿಂತವನು ಕೇಳಿಸಿಕೊಂಡ, ನಿನ್ನನ್ನು ಗಾಜಿನ ಬಾಗಿಲಿಗೆ ತಳ್ಳಿ ಕಾರ್ಡು ಕಿತ್ತುಕೊಂಡು ಓಡಿದ. ಕದ್ದವನು ಅವನು, ಕೊರಗುವವಳು ನೀನು! ಇದ್ಯಾವ ಸೀಮೆ ನ್ಯಾಯ?

ಆ ಗೂಡಿನೊಳಗೆ ಕಂಡಕಂಡವರು ಬೆನ್ನ ಹಿಂದೆ ಬಂದು ನಿಲ್ಲಲು ಬಿಟ್ಟದ್ದಾದರೂ ಯಾಕೆ ಎಂದು ಕೇಳಲು ನಾನು ಬ್ಯಾಂಕಿಗೇ ಹೋದೆ. ನನ್ನ ಸಿಟ್ಟು ನಿನಗೆ ಗೊತ್ತಲ್ಲ, ಮೂಗಿನ ತುದಿಯಲ್ಲೇ ಇರುತ್ತದೆ. ಮ್ಯಾನೇಜರ್ ನಮ್ಮ ಮಗಳ ವಯಸ್ಸಿನವಳು. ನಾನು ಕೂಗಾಡುವಷ್ಟು ಕೂಗಾಡಲು ಬಿಟ್ಟು ಆಮೇಲೆ ನೀರು ಕೊಟ್ಟಳು. "ನಮ್ಮ ಟ್ರಯಲ್ ರೂಮಿಗೇ ಪರದೆ ಇದೆ, ಕನ್ನಡಿ ಇದೆ. ನಿಮಗೆ ಒಂದು ಪರದೆ ಹಾಕೋಕಾಗಲ್ವಾ? ಬಟ್ಟೆ ನಾನೇ ಕೊಡ್ತೀನಿ" ಎಂದೆ. ಅವಳು ನಗಲಿಲ್ಲ, ಮಿಷನ್ ಹತ್ತಿರ ಕರೆದುಕೊಂಡು ಹೋದಳು. "ಪರದೆ ಹಾಕಿದ್ರೆ ಕಳ್ಳನಿಗೇ ಅನುಕೂಲ ಅಲ್ವಾ ಅಂಕಲ್? ಕೈ ಯಾರಿಗೂ ಕಾಣಬಾರದು, ಬೆನ್ನು ಮಾತ್ರ ಇಡೀ ಬೀದಿಗೆ ಕಾಣಬೇಕು" ಎಂದಳು. ಮಾತೇನೋ ಸರಿ. ಆದರೆ ಬೀದಿ ಎಲ್ಲಿ ಕಾಣುತ್ತಿತ್ತು? ಗಾಜಿನ ತುಂಬ ಅವರದೇ ಸಾಲದ ಜಾಹೀರಾತು ಅಂಟಿಸಿದ್ದರು. ನಾನು ಅದನ್ನೇ ನೋಡಿದೆ, ಅವಳೂ ನೋಡಿದಳು. ಆ ಹುಡುಗಿಯ ಮುಖ ಸಪ್ಪಗಾಯಿತು ಕಣೇ. ಅಲ್ಲೇ ನಿಂತು ಉಗುರಿನಿಂದ ಒಂದು ಮೂಲೆ ಎಬ್ಬಿಸತೊಡಗಿದಳು, ಇನ್ನೊಂದು ಮೂಲೆ ನಾನು ಹಿಡಿದೆ.

ಈಗ ನೀನು ನೋಡಬೇಕು. ಗಾಜು ಬರಿದಾಗಿ, ಒಳಗೆ ನಿಂತರೆ ಎದುರಿನ ಚಪ್ಪಲಿ ಅಂಗಡಿಯವನು ಕೈಬೀಸುತ್ತಾನೆ. ಒಳಗೆ ಜೋರು ದೀಪ, ಅಂಕಿಗಳ ಮೇಲೆ ಕೈ ಮರೆಮಾಡುವ ತಗಡಿನ ಮುಚ್ಚಳ. ಬಾಗಿಲ ಹೊರಗೆ ಹಳದಿ ಗೆರೆ ಎಳೆದಿದ್ದಾರೆ, ಒಬ್ಬರು ಹೊರಗೆ ಬರುವ ತನಕ ಮುಂದಿನವರು ಅದನ್ನು ದಾಟುವಂತಿಲ್ಲ. ಮಿಷನ್ ಮೇಲೆ ಹಿಂದಿನದೆಲ್ಲ ಕಾಣುವ ಗುಂಡು ಕನ್ನಡಿಯೂ ಬಂದಿದೆ. ನನ್ನ ಟ್ರಯಲ್ ರೂಮಿನ ಮಾತಿನಲ್ಲಿ ಅವಳು ಉಳಿಸಿಕೊಂಡದ್ದು ಅದೊಂದೇ, ಅಷ್ಟಕ್ಕೇ ನಾನು ಬೀದಿಯಲ್ಲಿ ಎದೆ ಸೆಟೆಸಿಕೊಂಡು ಓಡಾಡುತ್ತಿದ್ದೇನೆ. ಗಾಬರಿಯಾದರೆ ಒತ್ತಲು ಒಂದು ಕೆಂಪು ಗುಂಡಿಯೂ ಇದೆ. ನಿಜಕ್ಕೂ ಕೆಲಸ ಮಾಡುತ್ತದೆಯೇ ನೋಡೋಣ ಎಂದು ಒತ್ತಿಯೇಬಿಟ್ಟೆ. ಕಾವಲುಗಾರ ಎಂಜಲು ಕೈಯಲ್ಲೇ ಓಡಿಬಂದು ನನ್ನನ್ನು ಕಂಡು ಬಾಯಿಗೆ ಬಂದಂತೆ ಬೈದ. ಬೈಯಲಿ, ಓಡಿಬಂದನಲ್ಲ, ನನಗೆ ಅಷ್ಟು ಸಾಕು.

ಮಗಳಿಗೂ ಅಳಿಯನಿಗೂ ಆಶೀರ್ವಾದ ಹೇಳು. ಮೊಮ್ಮಗಳಿಗೆ ತುಂಡುಬಟ್ಟೆಯಲ್ಲಿ ಗೊಂಬೆಗೊಂದು ಕೋಟು ಹೊಲಿದಿದ್ದೇನೆ. ಅಳತೆ ಸರಿ ಇಲ್ಲದಿದ್ದರೆ ಯಾಕೆಂದು ನಿನಗೆ ಗೊತ್ತು.

ಇತಿ,
ಹೆಸರಿಗಷ್ಟೇ ಯಜಮಾನ

ತಾ.ಕ.: ಅಂಚೆಯವನು ಬಾಗಿಲಲ್ಲೇ ನಿಂತಿದ್ದಾನೆ, ಅವಸರದಲ್ಲಿ ಬರೆಯುತ್ತಿದ್ದೇನೆ. ನಿನ್ನ ಹೊಸ ಕಾರ್ಡು ಬಂದಿದೆ, ಅದಕ್ಕೆ ನಂಬರು ನೀನೇ ಬಂದು ಹಾಕಬೇಕು. ನಿನಗೆ ಬರಲಾಗದಿದ್ದರೆ ನನ್ನ ಹೆಸರಿಗೆ ಬೇರೆ ಕಾರ್ಡು ಮಾಡಿಕೊಡುವುದಾಗಿ ಹೇಳಿದಳು ಮ್ಯಾನೇಜರ್. "ಬೇಡಮ್ಮ, ಗುರುವಾರ ಅವಳೇ ಬರ್ತಾಳೆ" ಎಂದುಬಿಟ್ಟಿದ್ದೇನೆ. ನನ್ನ ಮಾತು ಉಳಿಸು. ನೀನು ಒಳಗಿರುವಷ್ಟು ಹೊತ್ತೂ ಹಳದಿ ಗೆರೆಯ ಈಚೆ ನಾನೇ ನಿಂತಿರುತ್ತೇನೆ, ನಿನಗೆ ಬೆನ್ನು ಹಾಕಿ. ಅಲ್ಲಿ ಮಾತ್ರ ಬಾಯಿ ಬಿಡಬೇಡ. ಅಂಗಡಿಗೆ ಬಂದ ಮೇಲೆ ಒಂದಕ್ಕೆರಡು ಸಲ ಹೇಳು ಗಿಣಿ, ಕೇಳದೆ ಬಹಳ ದಿನವಾಯಿತು.