ದೋಣಿಯ ಇನ್ವರ್ಟರ್ ವಿಷಯ

ಮಾವನವರಿಗೆ ನಮಸ್ಕಾರಗಳು.

ದೋಣಿಗೆ ಯಾವ ಇನ್ವರ್ಟರ್ ಒಳ್ಳೆಯದೆಂದು ತಿಳಿದವರನ್ನು ಕೇಳಿ ಹೇಳುವಂತೆ ನಿಮ್ಮ ಮಗನಿಗೆ ಫೋನ್ ಮಾಡಿದ್ದಿರಂತೆ. ಅವರು ನನ್ನನ್ನೇ ಕೇಳಿದರು.

ಅಂಗಡಿಯವನು ತೋರಿಸಿದ ಅಗ್ಗದ್ದು ಬೇಡ. ಅದರಲ್ಲಿ ದೀಪವೇನೋ ಉರಿಯುತ್ತದೆ. ಆದರೆ ತಳದ ನೀರು ಎತ್ತುವ ಪಂಪು ಶುರುವಾಗುವಾಗ ಒಮ್ಮೆಲೇ ಎಳೆಯುವ ಕರೆಂಟನ್ನು ಅದು ತಾಳುವುದಿಲ್ಲ. ದೋಣಿಗೆ ತೂತು ಬಿದ್ದ ದಿನ ನಿಮ್ಮನ್ನು ಉಳಿಸಬೇಕಾದ್ದು ಆ ಪಂಪೇ. ನಾನು ಆರಿಸಿದ್ದು ಅದರ ದುಪ್ಪಟ್ಟು ಶಕ್ತಿಯದು. ಅಂಥದೇ ಪಂಪು ತಂದು, ಬಚ್ಚಲಲ್ಲಿಟ್ಟು, ಇಡೀ ಮಧ್ಯಾಹ್ನ ಓಡಿಸಿ ನೋಡಿದೆ. ಅಡುಗೆಮನೆವರೆಗೂ ನೀರು ಬಂತು, ನಿಮ್ಮ ಮಗ ನೆಲ ಒರೆಸಿ ಸುಸ್ತಾದರು, ಇನ್ವರ್ಟರ್ ಮಾತ್ರ ಜಗ್ಗಲಿಲ್ಲ.

ಇದಕ್ಕೆ ಬೇರೆಯೇ ಬ್ಯಾಟರಿ ಇರಲಿ. ಹೋದ ಸಲ ಎಂಜಿನ್ನಿನ ಬ್ಯಾಟರಿಯಿಂದ ಟಿವಿ ನೋಡಿ, ಆಮೇಲೆ ಎಂಜಿನ್ ಶುರುವಾಗದೆ ಪ್ರಯಾಣಿಕರ ಸಮೇತ ನಡುನೀರಿನಲ್ಲಿ ನಿಂತಿರಲ್ಲ, ಅದರಲ್ಲಿ ಎಂಜಿನ್ನಿನ ತಪ್ಪೇನೂ ಇರಲಿಲ್ಲ. ಅತ್ತೆಗೆ ನಾನು ಹೇಳಿಲ್ಲ.

ಭಾನುವಾರ ನಾನೇ ಬಂದು ಜೋಡಿಸುತ್ತೇನೆ. ನಿಮ್ಮ ಸೀಟಿನ ಹಿಂದೆ, ನೀರು ಹಾರದಷ್ಟು ಎತ್ತರದಲ್ಲಿ ಒಂದು ಹಲಗೆ ಹೊಡೆಸಿಡಿ.

ಮದುವೆಯ ದಿನ ನೀವು, "ವೈರ್ ಎಳೆಯೋಳನ್ನ ಮನೆಗೆ ತಂದ್ಯಲ್ಲೋ" ಅಂದದ್ದು ನನಗೂ ಕೇಳಿಸಿತ್ತು. ಇರಲಿ, ವೈರ್ ಎಳೆಯುವುದು ನನ್ನ ಕೆಲಸವೇ. ಒಂದೇ ಒಂದು ಕೇಳಿಕೊಳ್ಳುತ್ತೇನೆ. ದಡದಲ್ಲಿ ಕೂತವರು, "ಯಾರ್ರೀ ಅದು, ನಿಮ್ಮ ದೋಣೀಲಿ?" ಎಂದು ಕೇಳಿದರೆ ಎಲೆಕ್ಟ್ರಿಷಿಯನ್ ಅನ್ನಬೇಡಿ. "ನಮ್ಮ ಸೊಸೆ" ಅನ್ನಿ. ಕೂಲಿ ಅಂತ ಬೇರೇನೂ ಬೇಡ.

ಅಲ್ಲಿಯವರೆಗೆ,
ನಿಮ್ಮ ಮಗನ ಹೆಂಡತಿ