ವಿಬಿಡಿಯಸರ ಹೆಸರು

ನವೆಂಬರ್ ನಡುವಿನ ಐಡ್ಸ್ ದಿನಕ್ಕೆ ಮೂರು ದಿನ ಮೊದಲು. ರೋಮ್.

ಭುಜ ಸೆಳೆಯುತ್ತಿದೆ, ನಿದ್ದೆ ಹತ್ತುತ್ತಿಲ್ಲ. ವರ್ಷವರ್ಷ ರಾಜ್ಯದ ಹಿರಿಯ ಅಧಿಕಾರಿಗಳಾಗುವ ಕಾನ್ಸಲ್‌ಗಳ ಹೆಸರಿರುವ ಕಲ್ಲಿನಿಂದ ಇವತ್ತು ವಿಬಿಡಿಯಸರ ಹೆಸರನ್ನು ಉಳಿ ಹಿಡಿದು ಅಳಿಸಿದೆ. ರಾಜದ್ರೋಹಿಯೆಂದು ಅವರ ತಲೆ ತೆಗೆಸಿ ಒಂಬತ್ತು ದಿನವಾಯಿತು. ಹೆಸರೂ ಕಲ್ಲಲ್ಲಾಗಲಿ ಯಾರ ಬಾಯಲ್ಲಾಗಲಿ ಇರಕೂಡದೆಂದು ಚಕ್ರವರ್ತಿಯ ಅಪ್ಪಣೆ. ಮೂರು ವರ್ಷದ ಹಿಂದೆ ಆ ಅಕ್ಷರಗಳನ್ನು ಕೆತ್ತಿದವನೂ ನಾನೇ. ಗುಲಾಮನಾಗಿದ್ದ ನನ್ನ ತಲೆಗೆ ಕೋಲು ಮುಟ್ಟಿಸಿ, "ಇನ್ನು ಇವನು ಸ್ವತಂತ್ರ" ಎಂದು ಸಾರಿಸಿದ್ದು ಅವರೇ.

ಅವರ ತಾಯಿ ಬಂದು ಕಂಬಕ್ಕೊರಗಿ ನಿಂತರು. "ನಿಧಾನಕ್ಕೆ ಹೊಡಿಯಪ್ಪಾ," ಎಂದರು, ಅಷ್ಟೇ. ನಿಧಾನಕ್ಕೇ ಹೊಡೆದೆ.

ಸಂಜೆ ಮೇಲ್ವಿಚಾರಕ ಬಂದು ಬೋಳಾದ ಜಾಗದ ಮೇಲೆ ಕೈಯಾಡಿಸಿದ. "ಇಲ್ಲಿ ಯಾರ ಹೆಸರಿತ್ತೋ?"

ನನ್ನನ್ನು ಪರೀಕ್ಷಿಸುತ್ತಿದ್ದಾನೆಂದು ಗೊತ್ತಾಯಿತು. ಆ ತಾಯಿ ಇನ್ನೂ ಅಲ್ಲೇ ಇದ್ದರು.

"ಯಾರ್ದೋ ಏನೋ, ನಂಗೊತ್ತಿಲ್ಲ ಸ್ವಾಮಿ."

"ಬುದ್ಧಿವಂತ ಕಣೋ ನೀನು," ಎಂದು ನಕ್ಕು ಬೆನ್ನು ತಟ್ಟಿದ.

ಆ ತಾಯಿ ತಲೆಗೆ ಸೆರಗೆಳೆದುಕೊಂಡು ಹೊರಟುಬಿಟ್ಟರು. ಓಡಿಹೋಗಿ ಕಾಲು ಹಿಡಿಯಬೇಕೆನಿಸಿತು. ಕೂಗಿ ನಿಲ್ಲಿಸಲು ಬಾಯಿ ತೆರೆದೆ. ಆದರೆ ಅವರನ್ನು ನಾನು ಇಷ್ಟು ವರ್ಷ ಕರೆಯುತ್ತಿದ್ದದ್ದೇ "ವಿಬಿಡಿಯಸರ ಅಮ್ಮಾ" ಎಂದು. ಮೇಲ್ವಿಚಾರಕ ಪಕ್ಕದಲ್ಲೇ ಇದ್ದ. ಬಾಯಿ ಮುಚ್ಚಿಕೊಂಡೆ.