ಹತ್ತು ತಿಂಗಳಿಂದ ಹದಿನೆಂಟೇ ಕಿಲೋ

ಮಕ್ಕಳ ಔಷಧ ವಿಭಾಗದ ಮೇಲಧಿಕಾರಿಗಳೇ,

ನನ್ನ ಮೊಮ್ಮಗಳು ಹತ್ತು ತಿಂಗಳಿಂದ ಒಂದು ಚೂರೂ ಬೆಳೆದಿಲ್ಲವೆಂದು ನಿಮ್ಮ ಆಸ್ಪತ್ರೆಯ ಕಾರ್ಡು ಹೇಳುತ್ತದೆ. ನಾನು ದರ್ಜಿ. ಅದೇ ಹತ್ತು ತಿಂಗಳಲ್ಲಿ ಅವಳ ಶಾಲೆಯ ಫ್ರಾಕಿನ ಅಂಚನ್ನು ಎರಡು ಸಲ ಬಿಚ್ಚಿ ಇಳಿಸಿದ್ದೇನೆ. ನಮ್ಮಿಬ್ಬರಲ್ಲಿ ಯಾರೋ ಒಬ್ಬರು ಸುಳ್ಳು ಹೇಳುತ್ತಿದ್ದಾರೆ. ನನ್ನ ಟೇಪಿಗೆ ಆ ಅಭ್ಯಾಸವಿಲ್ಲ.

ನಾನು ಓದಿದ್ದು ನಾಲ್ಕನೇ ಕ್ಲಾಸು, ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಮಗುವಿಗೆ ಹುಟ್ಟುವಾಗಲೇ ತಾಯಿಯಿಂದ ಎಚ್‌ಐವಿ ಬಂತು. ಆ ತಾಯಿ, ನನ್ನ ಮಗಳು, ಉಳಿಯಲಿಲ್ಲ. ಯಾರೋ ದಾನ ಕೊಟ್ಟ ಔಷಧವೆಂದು ನರ್ಸಮ್ಮ ಡಬ್ಬಿ ಕೈಗಿಟ್ಟಾಗ ನಾನು ನಂಬಲಿಲ್ಲ.

"ಪುಕ್ಕಟೆ ಯಾಕಮ್ಮ ಕೊಡ್ತಾರೆ? ನಮ್ಮ ಮಗು ಮೇಲೆ ಪರೀಕ್ಷೆನಾ?"

"ಜಗಳ ಆಮೇಲೆ ಆಡಿ ತಾತ. ಮೊದಲು ಮಾತ್ರೆ ಕೊಡಿ."

ಕೊಟ್ಟೆ. ಆದರೆ ಆ ವರ್ಷ ಹೊಲಿದ ಫ್ರಾಕಿಗೆ ಒಳಮಡಿಕೆ ಬಿಡಲಿಲ್ಲ. ಬೆಳೆಯುವ ಮಕ್ಕಳ ಬಟ್ಟೆಗೆ ನಾಲ್ಕು ಬೆರಳು ಹೆಚ್ಚಿಗೆ ಬಿಟ್ಟು ಒಳಗೆ ಮಡಚಿ ಹೊಲಿಯುವುದು ನಮ್ಮ ಕಸುಬಿನ ಪದ್ಧತಿ. ಇವಳು ಬೆಳೆದಾಳೆಂದು ನನಗೆ ಅನ್ನಿಸಿರಲಿಲ್ಲ. ಆರೇ ತಿಂಗಳಿಗೆ ಫ್ರಾಕು ಮೊಣಕಾಲಿನ ಮೇಲಕ್ಕೇರಿತು. ನನ್ನ ಹೊಲಿಗೆ ಹಾಳಾದದ್ದಕ್ಕೆ ನಾನು ಕುಣಿದಾಡಿದ್ದು ಅದೊಂದೇ ಸಲ.

ಹಾಗಾಗಿ ದಾನಿಗಳ ಮೇಲಿದ್ದ ಅನುಮಾನವನ್ನು ವಾಪಸ್ ತೆಗೆದುಕೊಂಡಿದ್ದೇನೆ. ಅದನ್ನೀಗ ನಿಮ್ಮ ಮೇಲೆ ಇಟ್ಟಿದ್ದೇನೆ.

ಇಪ್ಪತ್ತು ಕಿಲೋ ದಾಟಿದ ಮಗುವಿಗೆ ದೊಡ್ಡ ಮಾತ್ರೆ ಬೇಕು, ಚಿಕ್ಕದೇ ಮುಂದುವರಿದರೆ ಕಾಯಿಲೆ ಮತ್ತೆ ತಲೆ ಎತ್ತುತ್ತದೆ ಎಂದು ಹೇಳಿದವರು ನಿಮ್ಮ ಡಾಕ್ಟರೇ. ಆದರೆ ತೂಕದ ಮೆಷಿನ್ ಕೆಟ್ಟು, ತಲೆಯ ಮೇಲೆ ಫೈಲು ಹೊತ್ತು ಮೂಲೆಯಲ್ಲಿ ನಿಂತಿದೆ. ನಿಮ್ಮ ಗುಮಾಸ್ತ ಪ್ರತಿ ಸಲ ಎಲ್ಲ ಮಕ್ಕಳ ಕಾರ್ಡಿಗೂ ಹಿಂದಿನ ತೂಕವನ್ನೇ ನಕಲು ಮಾಡುತ್ತಾನೆ.

"ಕಾರ್ಡಲ್ಲಿ ಹದಿನೆಂಟು ಇದೆ ಯಜಮಾನ್ರೇ, ದೊಡ್ಡ ಮಾತ್ರೆ ಕೊಡಕ್ಕಾಗಲ್ಲ."

"ಕಾರ್ಡು ಬಿಡಯ್ಯಾ, ಮಗೂನ ನೋಡು!"

ಅವನು ಕಾರ್ಡನ್ನೇ ನೋಡಿದ.

ನಾನು ಅವಳನ್ನು ನೇರ ಗುಜರಿ ಅಂಗಡಿಗೆ ಕರೆದುಕೊಂಡು ಹೋಗಿ ತಕ್ಕಡಿ ಹತ್ತಿಸಿದೆ.

"ತಾತ, ನಾನೇನು ಹಳೇ ಪೇಪರಾ?" ಎಂದಳು.

"ಇಪ್ಪತ್ತೆರಡು. ಚಪ್ಪಲಿ ಬಿಚ್ಚಿಸೇ ಹೇಳ್ತಿದೀನಿ," ಎಂದ ಗುಜರಿಯವನು. ತಗಡು ತೂಗುವವನಿಗಿರುವ ನಿಯತ್ತು ನಿಮ್ಮ ಇಲಾಖೆಗೆ ಬೇಡವೇ?

ದಾನದಲ್ಲಿ ಎರಡೂ ಬಗೆಯ ಮಾತ್ರೆ ಬಂದಿವೆ ಎನ್ನುತ್ತಾರೆ ನರ್ಸಮ್ಮ. ಹಾಗಾದರೆ ದೊಡ್ಡವು ಎಲ್ಲಿ? ಬೀಗದ ಕೋಣೆಯಲ್ಲಿ ಅವಧಿ ಮುಗಿಯಲೆಂದು ಕಾಯುತ್ತಿವೆಯೇ? ಹಿಂಬಾಗಿಲಿನಿಂದ ನಡೆದು ಹೋದವೇ? ಒಂದು ಮಗುವೂ ಬೆಳೆಯದ ಆಸ್ಪತ್ರೆಯಿಂದ ಯಾರಿಗೆ ಅನುಕೂಲ? ಸೋಮಾರಿತನವೋ ಕಳ್ಳತನವೋ ನನಗೆ ಗೊತ್ತಿಲ್ಲ. ಮಗುವಿಗೆ ಎರಡೂ ಒಂದೇ.

ಬರುವ ಸೋಮವಾರ ಔಷಧ ಕೊಡುವ ದಿನ. ಅಷ್ಟರಲ್ಲಿ ಮೆಷಿನ್ ಸರಿಯಾಗಲಿ. ಪ್ರತಿ ಮಗುವನ್ನೂ ಮನೆಯವರ ಎದುರಿಗೇ ತೂಗಿ, ಕಂಡದ್ದನ್ನು ಬರೆದು, ಸಲ್ಲಬೇಕಾದ ಮಾತ್ರೆ ಕೊಡಿ. ಇಲ್ಲವಾದರೆ ಗುಜರಿಯವನು ತಕ್ಕಡಿ ತರಲು ಒಪ್ಪಿದ್ದಾನೆ. ನಿಮ್ಮ ಬಾಗಿಲಲ್ಲೇ ತೂಗುತ್ತೇವೆ.

ಹೊಸ ಫ್ರಾಕಿಗೆ ಬಟ್ಟೆ ಕತ್ತರಿಸಿದ್ದೇನೆ. ಈ ಸಲ ಆರು ಬೆರಳು ಮಡಿಕೆ ಬಿಟ್ಟಿದ್ದೇನೆ. ಅದನ್ನು ಬಿಚ್ಚುವ ದಿನ ಬರಲೇಬೇಕು.

ಇಂತಿ,
ಒಮ್ಮೆ ಮಡಿಕೆ ಬಿಡದೆ ಹೊಲಿದು, ಇವತ್ತಿಗೂ ನಾಚುವ ದರ್ಜಿ